ಬಾವಿಗೆ ಬಾ, ಹೊಳೆಗೆ ಹೋಗಿ ಬಾ

ನೀರು ಮಾತಾಡುವುದಿಲ್ಲ. ಇಷ್ಟು ಹೇಳಿದ್ದಕ್ಕೆ ನನ್ನ ಮೊಮ್ಮಗಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ಅವಳು ನನ್ನ ಮಗನ ಮಗಳು, ಇಪ್ಪತ್ನಾಲ್ಕು ವರ್ಷದವಳು. ಗೋಕಾಕದ ನಮ್ಮ ಮನೆಯಿಂದ ದಿನಾ ಬಸ್ಸು ಹತ್ತಿ ಮೂಡಲಗಿಗೆ ಹೋಗಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. ಬಸ್ಸಿನಲ್ಲಿ ಜಾಗ ಸಿಕ್ಕರೆ ಕೂತು ಬರೆಯುತ್ತಾಳೆ, ಸಿಗದಿದ್ದರೆ ಕಂಬ ಹಿಡಿದು ನಿಂತು ಫೋನಿನಲ್ಲಿ ಬರೆಯುತ್ತಾಳೆ. ಬರೆಯುವುದು ಇಲ್ಲದ ಊರಿನ ಕಥೆ. ಆ ಊರಿನಲ್ಲಿ ನೀರಿಗೆ ಜೀವ, ಬೆಂಕಿಗೆ ಜೀವ, ಗಾಳಿಗೆ ಜೀವ. ಅವೆಲ್ಲ ಮನುಷ್ಯರ ಜೊತೆ ಹೋಗಿಬರುವ ಬಳಕೆ ಇಟ್ಟುಕೊಂಡಿರುತ್ತವೆ. ಎರಡು ವರ್ಷ ಬರೆದು ಒಂದು ಪುಸ್ತಕಕ್ಕೆ ಆಗುವಷ್ಟು ಮಾಡಿದ್ದಳು.

ಹುಕ್ಕೇರಿಯಲ್ಲಿ ಒಬ್ಬ ಅಕ್ಕೋರು ಇದ್ದಾರೆ. ಶಾಲೆಯ ನೌಕರಿ ಮುಗಿದ ಮೇಲೆ ಮಕ್ಕಳ ಪುಸ್ತಕ ಅಚ್ಚು ಹಾಕಿಸುತ್ತಾರೆ, ವರ್ಷಕ್ಕೆ ಒಂದೇ ಒಂದು. ಅವರಿಗೆ ಕಳಿಸಿದ್ದಳು. ಪಂಚಮಿಯ ಉಂಡಿ ಇನ್ನೂ ಡಬ್ಬಿಯಲ್ಲಿರುವಾಗ ಕಟ್ಟು ವಾಪಸ್ಸು ಬಂತು. ಮೇಲೊಂದು ಚೀಟಿ ಇತ್ತು: ನಿನ್ನ ನೀರಿನ ಜೀವ ಮನುಷ್ಯರ ಹಾಗೆ ಮಾತಾಡುತ್ತದೆ, ಮನುಷ್ಯರ ಹಾಗೆ ಅಳುತ್ತದೆ, ಹಾಗಿದ್ದ ಮೇಲೆ ಅದು ನೀರು ಯಾಕಾಗಬೇಕು? ತಿದ್ದಿ ದಸರೆಯೊಳಗೆ ತಾ. ಆಗದಿದ್ದರೆ ಈ ಸಲ ಬೇರೆಯವರದು ತೆಗೆದುಕೊಳ್ಳುತ್ತೇನೆ.

ಅವಳು ಆ ಚೀಟಿಯನ್ನು ನಮಗೆಲ್ಲ ಓದಿ ತೋರಿಸಿ, ಕಟ್ಟನ್ನು ಒಯ್ದು ಬಚ್ಚಲದ ಹಂಡೆಯ ಹತ್ತಿರ, ಉರುವಲಿನ ಮೇಲೆ ಇಟ್ಟಳು.

"ಇನ್ನೊಂದ ಸಲ ನೋಡತೇನಿ. ಆಗಲಿಲ್ಲಂದ್ರ ಹಂಡೆ ಒಲಿಗೆ. ಮುಂದ ಒಂದ ಅಕ್ಷರ ಬರಿಯೂದಿಲ್ಲ" ಅಂದಳು.

ಅವಳ ತಾಯಿ ನಕ್ಕಳು. ನಾನು ನಗಲಿಲ್ಲ. ಈ ಹುಡುಗಿ ಹೇಳಿದರೆ ಮಾಡುವವಳು. ಹಿಂದೆ ಹಾರ್ಮೋನಿಯಂ ಕಲಿಯುತ್ತಿದ್ದಳು, ಚೆನ್ನಾಗಿಯೇ ನುಡಿಸುತ್ತಿದ್ದಳು. ಯಾರೋ ಒಬ್ಬರು ಒಂದು ಮಾತು ಅಂದದ್ದಕ್ಕೆ ಬಿಟ್ಟಳು. ಬಿಟ್ಟವಳು ಮತ್ತೆ ಮುಟ್ಟಲಿಲ್ಲ. ಈಗ ಅದರೊಳಗೆ ಇಲಿ ಮರಿ ಹಾಕಿದೆ. ಇದೂ ಹಾಗೇ ಹೋಗುತ್ತದೆ ಎಂದು ನನಗೆ ಗೊತ್ತಾಯಿತು.

ಹಾಗಾಗಿ ನಾನು ಆ ಕಟ್ಟನ್ನು ಉರುವಲಿನ ಮೇಲಿಂದ ಎತ್ತಿಕೊಂಡು ಓದಿದೆ. ನಾನು ಕಲಿತದ್ದು ಎರಡನೆಯ ಇಯತ್ತೆ. ಬೆರಳಿಟ್ಟು ಓದುತ್ತೇನೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತೇನೆ. ಹನ್ನೊಂದು ಮಧ್ಯಾಹ್ನ ಹಿಡಿಯಿತು. ಕಥೆ ಕೆಟ್ಟದಿರಲಿಲ್ಲ. ಆದರೆ ಮುಖ್ಯ ಜಾಗದಲ್ಲಿ ಹುಡುಗಿಯೊಬ್ಬಳು ಕೆರೆಯ ದಂಡೆಗೆ ಹೋಗಿ ಕೈ ಮುಗಿಯುತ್ತಾಳೆ. ನೀರು ಹೆಂಗಸಾಗಿ ಎದ್ದು ನಿಲ್ಲುತ್ತದೆ. ತಲೆಗೆ ಕಿರೀಟ. "ಎಲೈ ಮಾನವ ಕನ್ಯೆಯೇ, ನಿನ್ನ ಮನದ ದುಃಖವೆಲ್ಲ ನನಗೆ ಅರ್ಥವಾಯಿತು" ಎನ್ನುತ್ತದೆ. ನಮ್ಮ ಮನೆಯಲ್ಲಿ ನನ್ನ ಮನಸ್ಸಿನ ದುಃಖ ನನ್ನ ಮಗನಿಗೆ ಅರ್ಥವಾಗುವುದಿಲ್ಲ. ನೀರಿಗೆ ಆಯಿತಂತೆ.

ನೀರು ಮಾತಾಡುವುದಿಲ್ಲ ಎಂದು ಅವಳಿಗೆ ಹೇಳಿದೆ. ಅವಳು ಕಟ್ಟನ್ನು ಕಿತ್ತುಕೊಂಡು ಹೋದಳು.

ಐದನೆಯ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಬಂದು ಒಲೆಯ ಬಾಜೂ ಕೂತಳು.

"ಆಯೀ, ನೀರು ಮಾತಾಡೂದಿಲ್ಲಂದ್ರ ಮತ್ತೇನ ಮಾಡತೈತಿ?"

"ಬರತೈತಿ. ಹೋಗತೈತಿ."

"ಅಷ್ಟ?"

"ಇನ್ನೇನ ಮಾಡಬೇಕ ಅದು? ಕುಣೀಬೇಕೇನ?"

"ಕಥಿ ಅದು. ಮಂದಿ, ನೀರು, ಒಬ್ಬರನ್ನೊಬ್ಬರು ತಿಳಕೋಬೇಕು. ಮಾತಿಲ್ದ ಹೆಂಗ ತಿಳಕೋತಾರ?"

"ನಾನೂ ನಿಮ್ಮ ಅಜ್ಜಾನೂ ನಾಲ್ವತ್ತ ವರ್ಷ ಏನ ಮಾತಾಡೇವಿ? 'ಊಟಕ್ಕ ಬರ್ರಿ.' 'ಹುಂ.' ಅಷ್ಟರಾಗ ನಡೀಲಿಲ್ಲೇನ?"

ನಕ್ಕಳು. ನಗಬಾರದು ಎಂದು ಬಂದಿದ್ದಳು, ಆದರೂ ನಗು ಬಂತು.

"ಹಂಗಾರ ಬೆಂಕೀನೂ ಮಾತಾಡೂದಿಲ್ಲೇನ?"

"ಬೆಂಕಿ ನಗತೈತಿ."

ಅದು ಅವಳಿಗೆ ಗೊತ್ತಿರಲಿಲ್ಲ. ಗ್ಯಾಸಿನ ಮುಂದೆ ಬೆಳೆದವಳು. ಕಟ್ಟಿಗೆಯ ಒಲೆ ಒಮ್ಮೊಮ್ಮೆ ಸುಮ್ಮನೆ ಭುಸ್ ಎಂದು ನಾಲಗೆ ಹೊರಗೆ ಚಾಚಿ ಸದ್ದು ಮಾಡುತ್ತದೆ. ಒಲೆ ನಕ್ಕಿತು, ಬೀಗರು ಬರುತ್ತಾರೆ ಎಂದು ನಾವು ಒಂದು ಹಿಡಿ ಹಿಟ್ಟು ಹೆಚ್ಚು ನಾದುತ್ತಿದ್ದೆವು. ಬೀಗರು ಬರದಿದ್ದರೆ ರೊಟ್ಟಿ ಮರುದಿನಕ್ಕಾಯಿತು. ಒಲೆ ಸುಳ್ಳು ಹೇಳಿತು ಎಂದು ಯಾರೂ ಅನ್ನಲಿಲ್ಲ. ಅದರ ನಗು ಅದರದು, ನಮ್ಮ ಹಿಟ್ಟು ನಮ್ಮದು.

ಇದನ್ನು ಕೇಳಿ ಅವಳು ಫೋನು ತೆಗೆದಳು. "ಇನ್ನೇನ ಗೊತ್ತೈತಿ ನಿನಗ? ಹೇಳ."

ಆಗ ನಾನು ಹೊಳೆಯ ಸಂಗತಿ ಹೇಳಿದೆ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನದೇ ತಪ್ಪು, ಹೇಳಿಕೊಳ್ಳುವಂಥದ್ದೇನು?

ನನ್ನ ತವರು ಮಮದಾಪುರ. ಅಲ್ಲಿ ನಮಗೆ ಹೊಳೆ ಇಲ್ಲ, ಬಾವಿ. ನಮ್ಮ ಹೊಲದ ಬಾವಿ ದೊಡ್ಡದು, ಅರ್ಧದವರೆಗೆ ಕಲ್ಲಿನ ಮೆಟ್ಟಿಲು, ಆಮೇಲೆ ಬರೀ ಕತ್ತಲೆ. ಅದರೊಳಗೆ ಏಳು ಮಂದಿ ಅಕ್ಕತಂಗಿಯರು ಇರುತ್ತಾರೆ ಎಂದು ನಮ್ಮವ್ವ ಹೇಳುತ್ತಿದ್ದಳು. ನೀರು ಸೇದುವ ಮುಂಚೆ ಖಾಲಿ ಕೊಡವನ್ನು ದಂಡೆಯ ಕಲ್ಲಿಗೆ ಮೂರು ಸಲ ಬಡಿಯಬೇಕು. ಬಡಿದು ಸ್ವಲ್ಪ ನಿಲ್ಲಬೇಕು. "ಅವರು ತೆಲಿ ಬಾಚಕೋತ ಕುಂತಿರತಾರ. ಸರದು ಕುಂದ್ರಲಿ. ತೆಲಿ ಮ್ಯಾಲ ಕೊಡ ಬಿಟ್ಟರ ನಿನಗಾರ ಚಲೋ ಅನಸತೈತೇನ?" ಎನ್ನುತ್ತಿದ್ದಳು. ನಮ್ಮಪ್ಪನಿಗೆ ಇದು ಸೇರುತ್ತಿರಲಿಲ್ಲ. "ಕೊರಳಾಗ ಲಿಂಗ ಐತಿ, ಬಾವ್ಯಾಗ ಏನೂ ಇಲ್ಲ" ಎನ್ನುತ್ತಿದ್ದ. ಆದರೆ ಅವನೂ ಕೊಡ ಬಡಿಯದೆ ಸೇದಿದ್ದನ್ನು ನಾನು ನೋಡಿಲ್ಲ.

ಮಳೆ ಹಿಡಿದು ಬಾವಿಯ ನೀರು ಮೇಲೆ ಬರಲು ಶುರುವಾದರೆ ನಮಗೆ ಹಬ್ಬ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ, ಐದು ಹಸಿರು ಬಳೆ ಇಟ್ಟು ಬಾವಿಗೆ ಉಡಿ ತುಂಬುತ್ತಿದ್ದೆವು. ಬಸುರಿ ಹೆಣ್ಣಿಗೆ ತುಂಬಿದ ಹಾಗೆ. ಆಗ ಹೇಳುವ ಮಾತು: "ಏರಿ ಬಾರವ್ವ, ನಮ್ಮ ಮನೀತನಕ ಬಾ." ಬಾವಿ ಮನೆಯವರೆಗೆ ಬರುವುದಿಲ್ಲ. ಎಷ್ಟು ಕರೆದರೂ ದಂಡೆಯೊಳಗೇ ಇರುತ್ತದೆ. ಅದಕ್ಕೆ ಬಾಯಿ ತುಂಬ ಕರೆಯುತ್ತಿದ್ದೆವು.

ಆಮೇಲೆ ನನ್ನನ್ನು ಗೋಕಾಕಕ್ಕೆ ಕೊಟ್ಟರು. ಈಗ ನಾನಿರುವ ಮನೆಯೇ ಅದು. ಓಣಿ ಇಳಿದರೆ ಘಟಪ್ರಭೆ. ಬಂದ ವರ್ಷವೇ ಶ್ರಾವಣದಲ್ಲಿ ಹೊಳೆಗೆ ಕೆಂಪು ನೀರು ಬಂತು. ಓಣಿಯ ಹೆಂಗಸರೆಲ್ಲ ಉಡಿ ತುಂಬಲು ಹೊರಟರು. ನಮ್ಮ ಅತ್ತೆಯ ಮೊಣಕಾಲು ಬಾತಿತ್ತು. ಮೊರವನ್ನು ನನ್ನ ಕೈಗೆ ಕೊಟ್ಟು ಕೇಳಿದಳು:

"ಮಾತ ಗೊತ್ತೈತಿಲ್ಲ?"

"ಗೊತ್ತೈತ್ರಿ."

ಅವಳು ಅಷ್ಟೇ ಕೇಳಿದ್ದು, ನಾನು ಅಷ್ಟೇ ಹೇಳಿದ್ದು. ನೀರಿಗೆ ಹೇಳುವ ಮಾತು ಎಲ್ಲ ಕಡೆ ಒಂದೇ ಎಂದು ನಾನು ತಿಳಿದಿದ್ದೆ. ಹೊಳೆಗೆ ಹೇಳುವ ಮಾತು ಎಲ್ಲರಿಗೂ ಗೊತ್ತಿರುತ್ತದೆ ಎಂದು ಅವಳು ತಿಳಿದಿದ್ದಳು.

ಹೋದೆ. ಹೊಸ ಸೊಸೆ, ಎಲ್ಲರೂ ನೋಡುತ್ತಿದ್ದಾರೆ. ಮೊರ ನೀರಿಗೆ ಬಿಟ್ಟು, ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದೆ: "ಏರಿ ಬಾರವ್ವ, ನಮ್ಮ ಮನೀತನಕ ಬಾ!"

ಬಳೆಗಳ ಸದ್ದು ನಿಂತಿತು. ಒಬ್ಬಳ ಕೈಯಿಂದ ಕುಂಕುಮದ ಬಟ್ಟಲು ಜಾರಿ ಬಿತ್ತು. ಒಬ್ಬ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಲ್ಲೀದ ಈ ಕೂಸು?"

"ಮಮದಾಪುರದ್ದಂತ."

"ಅಯ್ಯ ನಮ್ಮವ್ವ, ಬಾವೀ ಮಂದಿ!"

ಹೊಳೆಗೆ ಬಾ ಎನ್ನಬಾರದಂತೆ. ಹೊಳೆಗೆ ಹೇಳುವುದು, "ನೋಡಿದ್ವಿ, ತುಂಬಿದ್ವಿ, ಹೋಗಿ ಬಾರವ್ವ." ಮನೆಗೆ ಬಂದ ಹೆಣ್ಣುಮಗಳನ್ನು ಕಳಿಸುವ ಹಾಗೆ, ಮರ್ಯಾದೆಯಿಂದ, ಆದರೆ ಹೊರಗೆ. ನನಗೆ ಅದನ್ನು ಯಾರು ಹೇಳಿದ್ದರು?

ನಾನು ಮನೆ ಮುಟ್ಟುವ ಮುಂಚೆ ಸುದ್ದಿ ಮನೆ ಮುಟ್ಟಿತ್ತು. ಬೈಗುಳ ಬೀಳುತ್ತದೆ ಎಂದು ಬಾಗಿಲಲ್ಲಿ ನಿಂತೆ. ಅತ್ತೆ ಕೇಳಿದ್ದು ಒಂದೇ.

"ಮನೀತನಕ ಅಂದ್ಯೋ, ಒಳಗ ಬಾ ಅಂದ್ಯೋ?"

"ಮನೀತನಕ ಅಂದೇರಿ."

"ಆತು. ಜ್ವಾಳದ ಚೀಲ ಅಟ್ಟಕ್ಕ ಏರಸು."

ಮೂರನೆಯ ದಿನ ಮಧ್ಯಾಹ್ನ ಹೊಳೆ ಓಣಿ ಹತ್ತಿ ಬಂತು. ಸದ್ದಿಲ್ಲ, ಗದ್ದಲವಿಲ್ಲ. ಬಾಗಿಲಿನ ಮುಂದೆ ಬಂದು ಸ್ವಲ್ಪ ಹೊತ್ತು ನಿಂತ ಹಾಗೆ ಮಾಡಿತು. ಆಮೇಲೆ ಹೊಸ್ತಿಲು ದಾಟಿ ಒಳಗೆ ಬಂದು, ಅಡುಗೆಮನೆ ಎಲ್ಲ ನೋಡಿ, ಮೊಣಕಾಲಿನ ಮಟ್ಟಕ್ಕೆ ನಿಂತಿತು. ಗಂಡಸರು ಗೋಕಾಕ ಫಾಲ್ಸಿನ ಗಿರಣಿಗೆ ಪಾಳಿಗೆ ಹೋದವರು ಅಲ್ಲೇ ಉಳಿದರು. ನಾನೂ ಅತ್ತೆಯೂ ಅಟ್ಟದ ಮೇಲೆ, ಜೋಳದ ಚೀಲಗಳ ನಡುವೆ, ಎರಡು ದಿನ.

"ನಾ ಮನೀತನಕ ಅಂದಿದ್ನಿ" ಎಂದೆ. ಅಳುತ್ತಿದ್ದೆ.

"ಅಕೀಗೆ ಬಾ ಅನ್ನೂದು ತಿಳೀತೈತಿ. ಎಲ್ಲೀತನಕ ಅನ್ನೂದು ತಿಳಿಯೂದಿಲ್ಲ. ಹೊಸ್ತಿಲಾ ನಮ್ಮದು, ಅಕೀದಲ್ಲ" ಎಂದಳು ಅತ್ತೆ. ಆಮೇಲೆ ನೀರಿನ ಆಳ ನೋಡಲು ಒಂದು ಕೋಲು ಕೊಟ್ಟಳು. "ಅಳೂದ ಬಿಡು. ಕೆಳಗ ನೋಡು."

ಆ ಎರಡು ದಿನದಲ್ಲಿ ಅವಳು ನನಗೆ ಹೊಳೆ ಓದಲು ಕಲಿಸಿದಳು. ಅಕ್ಷರಕ್ಕಿಂತ ಅದು ಸುಲಭ. ತೇಲುವ ಕಸ ಒಳಗೆ ಬರುತ್ತಿದ್ದರೆ ಇನ್ನೂ ಏರುತ್ತದೆ. ಕಸ ತಿರುಗುತ್ತಾ ನಿಂತಲ್ಲೇ ಇದ್ದರೆ ಯೋಚನೆ ಮಾಡುತ್ತಿದೆ. ಬಾಗಿಲ ಕಡೆ ಹೊರಟರೆ ಇಳಿಯುತ್ತದೆ. ನೊರೆ ಹಳದಿಯಾದರೆ ಮೇಲೆ ಮಳೆ ನಿಂತಿದೆ. ಗೋಡೆಯ ಮೇಲಿನ ಇರುವೆ ಸಾಲು ಮೇಲೆ ಹೋದರೆ ಕೋಲು ಹಿಡಿ, ಕೆಳಗೆ ಬಂದರೆ ಮಲಗು. ನನಗೆ ಬೈಯುತ್ತಾಳೆ ಎಂದು ಕಾಯುತ್ತಿದ್ದೆ. ಎರಡನೆಯ ದಿನ ಇಷ್ಟೇ ಅಂದಳು: "ನಾನೂ ಪೂರಾ ಕೇಳಲಿಲ್ಲ, ನೀನೂ ಪೂರಾ ಹೇಳಲಿಲ್ಲ." ತಪ್ಪು ಯಾರದು ಎಂಬ ಬಗ್ಗೆ ಅವಳು ನನ್ನ ಜೊತೆ ಆಡಿದ ಮಾತು ಅದೊಂದೇ.

ನೀರು ಇಳಿದಾಗ ಮನೆಯ ತುಂಬ ನಾಲ್ಕು ಬೆರಳು ಕೆಸರು. ಗೋಡೆಗೆ ಒಂದು ಗೆರೆ. ರುಬ್ಬುವ ಕಲ್ಲಿನ ಗುಂಡಿಯಲ್ಲಿ ಒಂದು ಮೀನು, ಗೇಣುದ್ದದ್ದು, ಮೀಸೆ ಇದ್ದದ್ದು, ಬಾಯಿ ತೆರೆದು ಮುಚ್ಚುತ್ತಿತ್ತು. ನಾವು ಲಿಂಗ ಕಟ್ಟಿದವರು, ಮೀನು ತಿನ್ನುವವರಲ್ಲ. ಅತ್ತೆ ಅದನ್ನು ಮೊರದಲ್ಲಿ ಎತ್ತಿಕೊಂಡು ಕುಂಟುತ್ತ ಹೋಗಿ ಹೊಳೆಗೆ ಬಿಟ್ಟು, "ನಮಗ ನಡಿಯೂದಿಲ್ಲವ್ವ, ತಗೋ" ಎಂದು ಬಂದಳು.

ಓಣಿಯಲ್ಲಿ ತಿಂಗಳುಗಟ್ಟಲೆ ನನ್ನನ್ನು ಆಡಿಕೊಂಡರು. ಪಕ್ಕದ ಮನೆಯವಳು ಒಮ್ಮೆ ನಳದ ಹತ್ತಿರ, "ನಿಮ್ಮ ಸೊಸಿ ಕರದು ನಮಗೂ ನೀರ ಕುಡಸಿದಳು" ಅಂದಳು. ಅತ್ತೆ ಕೊಡ ತುಂಬುತ್ತಲೇ ಉತ್ತರ ಕೊಟ್ಟಳು: "ನಮ್ಮ ಸೊಸಿ ಕರದ್ರ ಹೊಳಿ ಬರತೈತಿ. ನಿಮ್ಮ ಸೊಸಿ ಕರದ್ರ ನಿಮ್ಮ ಎಮ್ಮಿ ಬರತೈತೇನ ನೋಡ." ಆಮೇಲೆ ಯಾರೂ ಎತ್ತಲಿಲ್ಲ. ಆ ವರ್ಷ ಕೆಸರು ಬಿದ್ದ ಹಿತ್ತಿಲಲ್ಲಿ ಬದನೆ ಗಿಡ ನನ್ನ ಎದೆಯ ಮಟ್ಟ ಬೆಳೆದವು.

ಇಷ್ಟು ಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗಿತ್ತು. ಮೊಮ್ಮಗಳು ಫೋನು ಕೆಳಗಿಟ್ಟಿದ್ದಳು.

"ಖರೆ ಹೇಳ ಆಯಿ. ನೀ ಕರದದ್ದಕ್ಕ ಬಂತೋ, ಮ್ಯಾಲ ಮಳಿ ಆಗಿದ್ದಕ್ಕ ಬಂತೋ?"

"ಗೊತ್ತಿಲ್ಲ."

"ಐವತ್ತ ವರ್ಷ ಆತು. ಇನ್ನೂ ಗೊತ್ತಿಲ್ಲೇನ?"

"ಅಕಿಗೂ ಗೊತ್ತಿರಲಿಕ್ಕಿಲ್ಲ."

ಅವಳು ಎದ್ದು ಆ ಕಟ್ಟನ್ನು ತಂದಳು. ಕಿರೀಟದ ಹಾಳೆಗಳನ್ನು ಬೇರೆ ಮಾಡಿ ಹಂಡೆಯ ಒಲೆಗೆ ಹಾಕಿದಳು. ಉಳಿದದ್ದನ್ನು ತನ್ನ ಚೀಲದಲ್ಲಿಟ್ಟಳು. ನೀರು ಕಾಯ್ದಿತ್ತು, ಹೋಗಿ ಮೈ ತೊಳೆದುಕೊಂಡೆ.

ಮುಂದಿನ ರವಿವಾರ ಬಾವಿ ನೋಡಬೇಕು ಎಂದಳು. ಮಮದಾಪುರಕ್ಕೆ ಹೋದೆವು. ಈಗ ಅಲ್ಲಿ ನನ್ನ ತಮ್ಮನ ಸೊಸೆಯದೇ ಯಜಮಾನಿಕೆ. ಹೊಲಕ್ಕೆ ಬೋರು ಹಾಕಿಸಿದ್ದಾರೆ, ಆದರೆ ಬಾವಿ ಮುಚ್ಚಿಲ್ಲ, ಎಮ್ಮೆಗೆ ಅದೇ ನೀರು. ಮೊಮ್ಮಗಳಿಗೆ ಕೊಡ ಕೊಟ್ಟೆ. ಮೂರು ಸಲ ಬಡಿದಳು. ಬಗ್ಗಿ ನೋಡಿದಳು. ಏನೂ ಆಗಲಿಲ್ಲ.

"ಕೇಳಸ್ತೇನ ಅವರಿಗೆ?"

"ಕೇಳಬ್ಯಾಡ. ನಿಂದರು."

ನಿಂತೆವು. ಕೆಳಗೆ ಕಲ್ಲಿನ ಸಂದಿನಲ್ಲಿ ಏನೋ ಸರಿಯಿತು. ನೀರಿನ ಮೇಲೆ ಒಂದು ಸುತ್ತು ಎದ್ದು ದಂಡೆ ಮುಟ್ಟಿತು. ಮೊಮ್ಮಗಳು ನನ್ನ ಕೈ ಹಿಡಿದಳು.

ತಮ್ಮನ ಸೊಸೆ ಹಿಂದಿನಿಂದ ಹೇಳಿದಳು: "ನೀರಹಾವು ಐತಿ ಅಲ್ಲೆ. ಬಡದ್ರ ಸರೀತೈತಿ. ಬಡೀದಿದ್ರ ಕೊಡದ ಸಂಗಾಟ ಮ್ಯಾಲ ಬರತೈತಿ. ಹೋದ ವರ್ಷ ನಮ್ಮ ಯಜಮಾನ್ರು ಹಂಗ ಎಳದು ಓಡಿದ್ರು, ಚಪ್ಪಲಿ ಇನ್ನೂ ಬಾವ್ಯಾಗ ಅದಾವ."

ಮೊಮ್ಮಗಳ ಮುಖ ಸಣ್ಣದಾಯಿತು. ಹಿಂದಿರುಗುವ ದಾರಿಯಲ್ಲಿ, "ಅಷ್ಟ ಆಯಿ? ಹಾವಿಗಂತ ಬಡೀತಿದ್ರೇನ?" ಎಂದಳು.

"ನೀ ಬಡದಿ. ಒಳಗಿದ್ದದ್ದು ಸರೀತು. ನಿನ್ನ ಕೊಡ ತುಂಬತು. ಯಾರಿಗೂ ಏನೂ ಆಗಲಿಲ್ಲ. ಇನ್ನ ಅದರ ಹೆಸರ ಹಾವಾದ್ರೇನ, ಅಕ್ಕ ಆದ್ರೇನ?"

ಮೂಡಲಗಿಯ ಬಸ್ಸು ಬರುವವರೆಗೂ ಅವಳು ಫೋನಿನಲ್ಲಿ ಬರೆಯುತ್ತಿದ್ದಳು. ಅಲ್ಲಿಂದ ನೇರ ತುಕ್ಕಾನಟ್ಟಿಗೆ, ನನ್ನ ಮಗಳ ಮನೆಗೆ ಹೋಗೋಣ ಎಂದಳು. ಗಾಳಿಯದು ಕೇಳಬೇಕಂತೆ. ನನ್ನ ಮಗಳು ಎರಡೇ ಮಾತಿನಲ್ಲಿ ಮುಗಿಸಿದಳು. ಯಂತ್ರ ಬರುವ ಮೊದಲು ಕಣದಲ್ಲಿ ಜೋಳ ತೂರುವಾಗ ಗಾಳಿಗೆ ಸೀಟಿ ಹೊಡೆಯುತ್ತಿದ್ದರು. ಸೀಟಿಗೆ ಬರದಿದ್ದರೆ ಬೈಯುತ್ತಿದ್ದರು. "ಬೈದ್ರ ಬರತಿತ್ತೇನ ಅತ್ತಿ?" ಎಂದು ಮೊಮ್ಮಗಳು ಕೇಳಿದಳು. "ಬರತಿತ್ತು. ಒಂದೊಂದ ಸಲ ಹೆಚ್ಚ ಬಂದು ಜ್ವಾಳಾನೂ ಹಾರಿಸಿ ಒಗೀತಿತ್ತು. ಅದಕ್ಕೂ ಸಿಟ್ಟ ಬರತೈತಲ್ಲ."

ಹೀಗೆ ಅವಳು ಒಂದು ತಿಂಗಳು ಬರೆದಳು. ಬರೆದದ್ದನ್ನು ದೊಡ್ಡ ಅಕ್ಷರದಲ್ಲಿ ತೆಗೆಸಿ ನನಗೆ ಕೊಡುತ್ತಿದ್ದಳು. ನಾನು ಬೆರಳಿಟ್ಟು ಓದಿ ತಪ್ಪು ಹೇಳುತ್ತಿದ್ದೆ. ಬೆಂಕಿ ಕ್ಷಮೆ ಕೇಳುತ್ತದೆ ಎಂದು ಬರೆದಿದ್ದಳು. ಬೆಂಕಿ ಯಾರ ಕ್ಷಮೆ ಕೇಳಿದೆ? ತೆಗೆಸಿದೆ. ನೀರಿಗೆ ಹುಡುಗಿಯ ಹೆಸರು ಗೊತ್ತು ಎಂದು ಬರೆದಿದ್ದಳು. ತೆಗೆಸಿದೆ. ಅವಳು ಹಲ್ಲು ಕಡಿಯುತ್ತಿದ್ದಳು, ಆದರೆ ತೆಗೆಯುತ್ತಿದ್ದಳು. ಒಂದು ದಿನ, "ಎಲ್ಲಾ ತಗದ್ರ ಉಳಿಯೂದೇನ, ಬರೇ ದಂಡಿ!" ಎಂದು ಹಾಳೆ ಬಿಸಾಡಿ ಹಂಡೆಯ ಕಡೆ ನೋಡಿದಳು. ದಸರೆಗೆ ಆಗ ಹದಿನೈದು ದಿನ ಉಳಿದಿತ್ತು. ನನಗೆ ಹೆದರಿಕೆಯಾಯಿತು. ಹೆಚ್ಚು ತಿದ್ದಿದೆನೇನೋ ಎನಿಸಿತು. ಆದರೆ ಕಿರೀಟ ಮತ್ತೆ ಹಾಕು ಎಂದು ಹೇಳಲು ಬಾಯಿ ಬರಲಿಲ್ಲ. ಎರಡು ಉಂಡಿ ಕಟ್ಟಿ ಅವಳ ಮುಂದಿಟ್ಟು ಎದ್ದು ಹೋದೆ.

ಮೂರು ದಿನ ಬಿಟ್ಟು ಕೊನೆಯ ಭಾಗ ತಂದುಕೊಟ್ಟಳು. ಅದನ್ನು ನಾನು ಎರಡು ಸಲ ಓದಿದೆ.

ಬಾವಿಯ ನಾಡಿನ ಹುಡುಗಿ ಹೊಳೆಯ ನಾಡಿಗೆ ಬಂದು ತಪ್ಪು ಮಾತು ಹೇಳುತ್ತಾಳೆ, ನೀರು ಬರುತ್ತದೆ. ಅದು ನನ್ನದೇ. ಆದರೆ ಮುಂದಿನದು ನನ್ನದಲ್ಲ. ನೀರು ಹೋಗುವಾಗ ಹುಡುಗಿಯ ಮನೆಯಲ್ಲಿ ಒಂದು ಮೀನು ಇಟ್ಟು ಹೋಗುತ್ತದೆ. ಯಾಕೆಂದರೆ ಉಡಿ ತುಂಬಿದವರಿಗೆ ತಿರುಗಿ ಉಡಿ ತುಂಬಬೇಕು ಎಂದು ಅದು ಮನುಷ್ಯರನ್ನು ನೋಡಿ ಕಲಿತಿದೆ. ತನ್ನ ಹತ್ತಿರ ಇದ್ದದ್ದರಲ್ಲಿ ಒಳ್ಳೆಯದನ್ನೇ ಕೊಟ್ಟಿದೆ. ಹುಡುಗಿಯ ಮನೆಯವರು ಮೀನು ತಿನ್ನುವವರಲ್ಲ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಅವರು ವಾಪಸ್ಸು ತಂದು ಬಿಡುತ್ತಾರೆ. ನೀರು ಆ ಮೀನನ್ನು ಸುತ್ತಿ ಸುತ್ತಿ ನೋಡುತ್ತದೆ. ತಾನು ಏನು ತಪ್ಪು ಮಾಡಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಮುಂದಿನ ವರ್ಷ ಬರುವಾಗ ಮೀನು ತರುವುದಿಲ್ಲ. ಬರೀ ಕೆಸರು ತರುತ್ತದೆ. ಹಿತ್ತಿಲಲ್ಲಿ ಬದನೆ ಬೆಳೆಯುತ್ತದೆ.

ಐವತ್ತು ವರ್ಷ ನಾನು ನನ್ನ ತಪ್ಪನ್ನೇ ನೆನೆದಿದ್ದೆ. ಹೊಳೆಯೂ ತಪ್ಪು ಮಾಡಿರಬಹುದು ಎಂದು ನನಗೆ ಹೊಳೆದಿರಲಿಲ್ಲ.

"ಏನರ ತಗೀಬೇಕೇನ ಆಯಿ?" ಎಂದಳು.

"ಮೀನಿಗೆ ಮೀಸಿ ಇತ್ತು. ಅದನ್ನ ಬರಿ" ಎಂದೆ.

ದಸರೆಗೆ ಐದು ದಿನ ಇರುವಾಗ ಇಬ್ಬರೂ ಹುಕ್ಕೇರಿಗೆ ಹೊರಟೆವು. ಒಬ್ಬಳೇ ಹೋಗಲು ಅವಳಿಗೆ ಧೈರ್ಯ ಸಾಲಲಿಲ್ಲ. ಬಸ್ಸು ಫಾಲ್ಸಿನ ಹತ್ತಿರ ತಿರುಗುವಾಗ ಕಿಟಕಿಯಿಂದ ನೀರಿನ ಹೊಗೆ ಕಂಡಿತು. ಬಸ್ಸಿನಲ್ಲಿದ್ದ ಹೆಂಗಸರು ಕೂತಲ್ಲೇ ಕೈ ಮುಗಿದರು. ಮೊಮ್ಮಗಳೂ ಮುಗಿದಳು. ಏನು ಹೇಳಿದಳೋ ನಾನು ಕೇಳಲಿಲ್ಲ.

ಅಕ್ಕೋರು ನನಗಿಂತ ನಾಲ್ಕು ವರ್ಷ ಸಣ್ಣವರಿರಬೇಕು. ಚಹಾ ಕೊಟ್ಟು, ಕನ್ನಡಕ ಹಾಕಿಕೊಂಡು, ನಮ್ಮ ಮುಂದೆಯೇ ಓದಲು ಕೂತರು. ನಾನು ಇಂಥ ಓದುವವರನ್ನು ನೋಡಿರಲಿಲ್ಲ, ಸೊಪ್ಪು ಸೋಸುವ ಹಾಗೆ ಹಾಳೆ ತಿರುವುತ್ತಿದ್ದರು. ಮೊಮ್ಮಗಳು ಸೆರಗಿನ ಅಂಚನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು. ಒಂದು ಕಡೆ ಅಕ್ಕೋರು ನಿಂತರು. ಹಿಂದಕ್ಕೆ ಹೋಗಿ ಮತ್ತೆ ಓದಿದರು.

"ಈ ನೀರಿಗೆ ಬುದ್ಧಿ ಐತೋ ಇಲ್ಲೋ?" ಎಂದು ಕೇಳಿದರು.

"ಗೊತ್ತಿಲ್ರಿ" ಎಂದಳು ಮೊಮ್ಮಗಳು.

"ಬರದಾಕಿ ನೀನು. ನಿನಗ ಗೊತ್ತಿಲ್ಲಂದ್ರ?"

"ಆ ಹುಡಿಗಿಗೂ ಗೊತ್ತಿಲ್ರಿ. ಗೊತ್ತಿಲ್ದನ ಬಳಕಿ ಇಟಗೊಂಡಾರ್ರಿ."

ಅಕ್ಕೋರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ನೀವ ಏನ್ರಿ ಆ ಬಾವೀ ಮಂದಿ?"

"ಹೌದ್ರಿ. ಮೀನು ಮಾತ್ರ ಅಕೀದು."

"ಮೀನಿಂದ ಪುಸ್ತಕ ಆತ್ರಿ" ಎಂದರು. ಕಟ್ಟನ್ನು ನಮಗೆ ತಿರುಗಿ ಕೊಡಲಿಲ್ಲ. ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮೊಮ್ಮಗಳು ಆ ಬೀಗವನ್ನೇ ನೋಡುತ್ತಿದ್ದಳು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಎರಡು ಪ್ಲೇಟು ಮಿರ್ಚಿ ತಿಂದಳು. ನನಗೆ ಒಂದೂ ಕೊಡಲಿಲ್ಲ.

ದೀಪಾವಳಿಯ ಮುಂಚೆ ಅಕ್ಕೋರು ಫೋನಿಗೆ ಮುಖಪುಟದ ಚಿತ್ರ ಕಳಿಸಿದರು. ಯಾರೋ ಚಂದ ಬರೆದಿದ್ದರು. ಹೊಳೆಯ ನಡುವೆ ಕಣ್ಣು, ಮೂಗು, ಉದ್ದ ಕೂದಲು. ಮೊಮ್ಮಗಳು ತಕ್ಷಣ ಫೋನು ಹಚ್ಚಿದಳು. ನಾನು ಪಡಸಾಲೆಯಲ್ಲಿ ಅವರೆ ಬಿಡಿಸುತ್ತಿದ್ದೆ. ಕೇಳಿಸಿತು.

"ಇಲ್ರಿ ಅಕ್ಕೋರ, ಮಾರಿ ಅಳಸಬೇಕ್ರಿ. ನೀರಿಗೆ ಮಾರಿ ಇರೂದಿಲ್ರಿ." ಆ ಕಡೆಯ ಮಾತು ಕೇಳಿ, ಮತ್ತೆ, "ಚಂದ ಐತ್ರಿ ಖರೆ. ಆದ್ರ ಅದು ನೀರಲ್ರಿ."

ಮತ್ತೆ ಏನು ಹಾಕೋಣ ಎಂದು ಅವರು ಕೇಳಿರಬೇಕು. ಅವಳು ಮನೆಯೊಳಗೆ ಸುತ್ತಲೂ ನೋಡಿದಳು. ಅಡುಗೆಮನೆಯ ಗೋಡೆಯ ಮುಂದೆ ನಿಂತಳು. ಅಲ್ಲಿ ಹೊಳೆಯ ಗೆರೆಗಳಿವೆ. ನಾನು ಕರೆದ ಆ ವರ್ಷದ ಮೇಲೆ ಹೊಳೆ ಕರೆಯದೆಯೂ ಬಂದಿದೆ, ಇನ್ನೂ ಎತ್ತರ ಬಂದಿದೆ. ಗೆರೆಗಳು ಏಣಿಯ ಹಾಗೆ ಒಂದರ ಮೇಲೊಂದು ಇವೆ. ಪ್ರತಿ ವರ್ಷ ಸುಣ್ಣ ಬಳಿಯುತ್ತೇವೆ, ಮಳೆಗಾಲ ಬಂದರೆ ಸುಣ್ಣದ ಮೇಲೆ ಉಪ್ಪೊಡೆದು ಮತ್ತೆ ಕಾಣುತ್ತವೆ. ಎಲ್ಲಕ್ಕಿಂತ ಕೆಳಗಿನದು, ಮೊಣಕಾಲಿನ ಮಟ್ಟದ್ದು, ನನ್ನದು.

ಅವಳು ನೆಲಕ್ಕೆ ಕೂತು ಅದರ ಫೋಟೋ ತೆಗೆದಳು. ಮುಖಪುಟಕ್ಕೆ ಅದೇ ಹೋಯಿತು: ಒಂದು ಗೋಡೆ, ಒಂದು ಗೆರೆ, ಬಾಜೂ ಒಂದು ಖಾಲಿ ಕೊಡ. ಪುಸ್ತಕ ನಮ್ಮ ಮನೆಗೆ ಬಂದ ದಿನ ನಾನು ಬೆರಳಿಡದೆ ಓದಿದ್ದು ಅವಳ ಹೆಸರೊಂದೇ. ಈಗ ಎರಡನೆಯದು ಬರೆಯುತ್ತಿ‍ದ್ದಾಳೆ, ಗಾಳಿಯದು. ಅದರಲ್ಲಿ ಬೈಗುಳ ಬಹಳ ಇವೆ. ಅಕ್ಕೋರು ಏನು ಅನ್ನುತ್ತಾರೋ ನೋಡಬೇಕು.

ಆ ದಿನ ಫೋಟೋ ತೆಗೆದಾದ ಮೇಲೆ, "ಆಯಿ, ಈ ಗ್ವಾಡಿಗೆ ಈ ವರ್ಷ ಸುಣ್ಣಾ ಹಚ್ಚಸಬ್ಯಾಡ. ಗೆರಿ ಹಂಗ ಇರಲಿ" ಎಂದಳು.

ದೀಪಾವಳಿ ಬಂದಿತ್ತು. ಹಚ್ಚಿಸಿದೆ. ಗೆರೆ ಎಲ್ಲಿ ಹೋಗುತ್ತದೆ, ಮಳೆಗಾಲಕ್ಕೆ ತಾನೇ ಬರುತ್ತದೆ.